ಬಚ್ಚಲ ಕಲ್ಲು ಆಕಾಶಕ್ಕೆ ಹೋದದ್ದು

ತಾರಾಲಯದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ಗಂಡ ಗುಮ್ಮಟದ ಕೆಳಗಿನ ಯಂತ್ರ ನಡೆಸುವವನು. ಹೆಂಡತಿ ಕತ್ತಲಲ್ಲಿ ಮೈಕು ಹಿಡಿದು ಜನರಿಗೆ ಆಕಾಶ ತೋರಿಸುವವಳು. ಶಾಲೆಯ ಮಕ್ಕಳು ಅವಳನ್ನು ಆಕಾಶದಕ್ಕ ಎಂದು ಕರೆಯುತ್ತಿದ್ದರು. ಕ್ರಮೇಣ ಟಿಕೆಟ್ ಹರಿಯುವವಳಿಂದ ಹಿಡಿದು ನಿರ್ದೇಶಕಿಯವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತು. ಆಕಾಶದಕ್ಕ "ಈಗ ಸೂರ್ಯ ಮುಳುಗುತ್ತಾನೆ" ಎಂದರೆ ಗಂಡ ಸೂರ್ಯನನ್ನು ಮುಳುಗಿಸಬೇಕು. "ಪೂರ್ವಕ್ಕೆ ತಿರುಗಿ, ಚಂದ್ರ ಬಂದ" ಎಂದರೆ ಚಂದ್ರನನ್ನು ಮೇಲಕ್ಕೆತ್ತಬೇಕು. ಅವಳ ಮಾತೇ ಅವನಿಗೆ ಸನ್ನೆ. ನೋಡಲು ಬಂದವರು ಹೊರಗೆ ಹೋಗುವಾಗ, "ಎಂಥಾ ಹೊಂದಾಣಿಕೆ ನೋಡಿ, ಗಂಡ ಹೆಂಡತಿ ಅಂದ್ರೆ ಹೀಗಿರಬೇಕು" ಎಂದು ಹೇಳಿಕೊಂಡು ಹೋಗುತ್ತಿದ್ದರು.

ಮನೆಯಲ್ಲಿ ಅವರಿಬ್ಬರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು.

ನಿಂತದ್ದು ಹೀಗೆ. ಹಿಂದೆ ಆಕಾಶ ವಿವರಿಸುತ್ತಿದ್ದ ಮುದುಕ ನಿವೃತ್ತನಾದಾಗ ಆ ಜಾಗ ತನಗೇ ಸಿಗುತ್ತದೆಂದು ಗಂಡ ನಂಬಿಕೊಂಡಿದ್ದ. ನಂಬದೆ ಏನು, ಯಂತ್ರದ ಒಂದೊಂದು ಹಲ್ಲೂ ಅವನಿಗೆ ಗೊತ್ತು. ವಾರಗಟ್ಟಲೆ ಮನೆಯ ಕನ್ನಡಿಯ ಮುಂದೆ ನಿಂತು, ಕೈ ಎತ್ತಿ, ಗ್ರಹ ನಕ್ಷತ್ರಗಳನ್ನು ಒಪ್ಪಿಸಿದ. ಅವನು ಒಪ್ಪಿಸುತ್ತಿದ್ದಾಗ ಹೆಂಡತಿ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದಳು, ಪಾತ್ರೆ ಬೆಳಗುತ್ತಿದ್ದಳು, ಅವನು ಆ ಜಾಗದ ಪರೀಕ್ಷೆಗೆ ಹಾಕಿಕೊಳ್ಳಬೇಕಾದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಪರೀಕ್ಷೆಯ ದಿನ ಅವನು ಊಟದ ಡಬ್ಬಿ ಮರೆತು ಹೋದ. ಅವಳು ಅದನ್ನು ಹಿಡಿದುಕೊಂಡು ಓಡಿಬಂದಾಗ ಅವನು ಮೈಕಿನ ಮುಂದೆ ನಿಂತಿದ್ದ. ಮನೆಯಲ್ಲಿ ಗುಡುಗುತ್ತಿದ್ದ ಗಂಟಲು ಅಲ್ಲಿ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ಹೊಸದಾಗಿ ಬಂದಿದ್ದ ನಿರ್ದೇಶಕಿ ತಲೆ ಮೇಲೆ ಕೈ ಹೊತ್ತು ಕೂತಿದ್ದವರು ಬಾಗಿಲ ಕಡೆ ನೋಡಿ, "ನೀವಮ್ಮಾ? ಓದೋಕೆ ಬರುತ್ತಾ? ಸುಮ್ಮನೆ ಒಂದು ಸಲ ಓದಿ ನೋಡಿ" ಎಂದರು. ಅವಳು ಡಬ್ಬಿಯನ್ನು ನೆಲದ ಮೇಲಿಟ್ಟಳು. ಕಾಗದ ಕೊಡಲು ಬಂದರೆ, ಬೇಡ ಎಂದಳು. ವಾರಗಟ್ಟಲೆ ಕೇಳಿ ಕೇಳಿ ಎಲ್ಲವೂ ಬಾಯಿಗೆ ಬಂದಿತ್ತು.

ಆ ಸಂಜೆ ಗಂಡ ಕೈ ತೊಳೆದು ಊಟಕ್ಕೆ ಕೂತು ತನ್ನ ತಾಯಿಗೆ ಹೇಳಿದ: "ಅಮ್ಮಾ, ಇನ್ನುಮೇಲೆ ಈ ಮನೇಲಿ ಒಂದು ಬಾಯಿ ಸಾಕು. ಅದು ಅವಳದ್ದೇ ಇರಲಿ."

ಅವಳ ಜೊತೆ ಮಾತು ನಿಲ್ಲಿಸಿದ. ಊಟ ನಿಲ್ಲಿಸಲಿಲ್ಲ.

ಅಲ್ಲಿಂದ ಮುಂದೆ ಮನೆಯ ಎಲ್ಲ ವ್ಯವಹಾರವೂ ಅತ್ತೆಯ ಮೂಲಕ ನಡೆಯತೊಡಗಿತು. ಅತ್ತೆ ನಡುಮನೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು.

"ಅಮ್ಮಾ, ನೀರು ಕಾದಿಲ್ಲ ಅಂತ ಹೇಳು."

"ನೀರು ಕಾದಿಲ್ವಂತೆ."

"ಗ್ಯಾಸ್ ಮುಗಿದಿದೆ ಅಂತ ಹೇಳಿ."

"ಗ್ಯಾಸ್ ಮುಗಿದಿದೆಯಂತೆ ಕಣೋ."

"ಮುಗಿಯೋಕೆ ಮುಂಚೆ ಬಾಯಿ ಬಿಡೋಕೆ ಏನಾಗಿತ್ತು ಅಂತ ಕೇಳು."

"ಮುಂಚೆ ಹೇಳೋಕೆ ಏನು ರೋಗ ಬಂದಿತ್ತು ಅಂತಿದಾನೆ."

ರೋಗ ಎಂಬುದು ಅತ್ತೆಯ ಸ್ವಂತ ಕಾಣಿಕೆ. ಹೋದ ಮಾತು ಹೋದಷ್ಟೇ ತೂಕದಲ್ಲಿ ಆಚೆ ದಡ ಸೇರುತ್ತಿರಲಿಲ್ಲ. ಅದರಲ್ಲಿ ಅವಳಿಗೊಂದು ಸುಖವಿತ್ತು. ಅವಳು ಸೊಸೆಯಾಗಿದ್ದ ಕಾಲದಲ್ಲಿ ಆ ಮನೆಯಲ್ಲಿ ಯಾರೂ ಅವಳನ್ನು ಒಂದು ಮಾತು ಕೇಳಿದವರಲ್ಲ. ಈಗ ಉಪ್ಪು ಕೂಡ ಅವಳ ಬಾಯಿಯ ಮೂಲಕವೇ ದಾಟಬೇಕಿತ್ತು.

ಆಕಾಶದಕ್ಕ ಬೆಳಿಗ್ಗೆ ಎದ್ದು ಮೂವರಿಗೂ ಅಡುಗೆ ಮಾಡಿ, ಅತ್ತೆಗೆ ಸ್ನಾನ ಮಾಡಿಸಿ, ಬಟ್ಟೆ ಒಗೆದು, ಎರಡು ಡಬ್ಬಿ ಕಟ್ಟುತ್ತಿದ್ದಳು. ಗಂಡ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. ಅವಳು ಎರಡೂ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ತಾರಾಲಯದಲ್ಲಿ ಯಂತ್ರದ ಕಟಕಟೆಯ ಮೆಟ್ಟಿಲ ಮೇಲೆ ಅವನ ಡಬ್ಬಿ ಇಡುತ್ತಿದ್ದಳು. ಸಂಜೆ ಅದೇ ಮೆಟ್ಟಿಲ ಮೇಲೆ ಖಾಲಿ ಡಬ್ಬಿ ಇರುತ್ತಿತ್ತು, ತೊಳೆಯದೆ, ಅಂಚಿನಲ್ಲಿ ಅನ್ನದ ಅಗುಳು ಒಣಗಿ. ಟಿಕೆಟ್ ಹರಿಯುವವಳು ಒಂದು ದಿನ ಅದನ್ನು ನೋಡಿ, "ಅಕ್ಕಾ, ನಿಮ್ಮ ಮೌನಿಗೆ ನಾಲಿಗೆ ಮಾತ್ರ ಬಿದ್ದುಹೋಗಿರೋದಾ, ಕೈಯೂ ಬಿದ್ದುಹೋಗಿದೆಯಾ?" ಎಂದು ಕೇಳಿದ್ದಳು.

ಗುಮ್ಮಟದ ಹಿಂದೆ ಸಿಬ್ಬಂದಿಯ ಒಂದು ಕೋಣೆಯಿತ್ತು. ನಿವೃತ್ತನಾದ ಮುದುಕ ಅಲ್ಲಿ ಇದ್ದವನು. ಅವನು ಊರು ಬಿಟ್ಟ ಮೇಲೆ ಬೀಗ ಬಿದ್ದಿತ್ತು. ಆಕಾಶದಕ್ಕ ಮಧ್ಯಾಹ್ನ ಅದರ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದಳು. ಕಿಟಕಿಯಿಂದ ಇಣುಕಿದರೆ ಒಂದು ಕಬ್ಬಿಣದ ಮಂಚ, ಗೋಡೆಗೆ ತಗುಲಿದ ಕಡಪ ಕಲ್ಲಿನ ಅಡುಗೆ ಕಟ್ಟೆ, ಮೂಲೆಯಲ್ಲಿ ಒಂದು ನಲ್ಲಿ. ಬಾಗಿಲಿಗೆ ಒಳಗಿನಿಂದ ಅಗಳಿ. ಆ ಅಗಳಿಯನ್ನು ಅವಳು ಬಹಳ ಹೊತ್ತು ನೋಡುತ್ತಿದ್ದಳು. ಅವಳ ಮನೆಯಲ್ಲಿ ಒಳಗಿನಿಂದ ಹಾಕಿಕೊಳ್ಳಬಹುದಾದ ಅಗಳಿ ಇದ್ದದ್ದು ಬಚ್ಚಲಿಗೆ ಮಾತ್ರ, ಅಲ್ಲೂ ಎರಡು ಚೊಂಬು ನೀರು ಮುಗಿಯುವಷ್ಟರಲ್ಲಿ ಅತ್ತೆ ಬಾಗಿಲು ಬಡಿಯುತ್ತಿದ್ದಳು.

ಹೊಸ ಪ್ರದರ್ಶನದ ಮಾತು ಬಂದಾಗ ನಿರ್ದೇಶಕಿ ಅವಳನ್ನು ಕರೆಸಿದರು. ಆ ವರ್ಷ ಒಂದು ಕ್ಷುದ್ರಗ್ರಹ ಭೂಮಿಯ ಹತ್ತಿರ ಹಾದುಹೋಗುವುದಿತ್ತು, ಚಂದ್ರನಿಗಿಂತಲೂ ಹತ್ತಿರ. ಅದೇ ಮಧ್ಯಾಹ್ನ ಹೊಸ ಪ್ರದರ್ಶನ ಶುರು. ತಾರಾಲಯದ ಸಮಿತಿಯವರೂ ಬರುತ್ತಾರೆ.

"ಅಧ್ಯಕ್ಷರಿಗೆ ಹಿಡಿಸಿದರೆ ದಿನಕ್ಕೆ ಮೂರು ಆಟ ಅಂತಿದಾರೆ," ಎಂದರು ನಿರ್ದೇಶಕಿ. "ಆಗ ನೀನು ಇಲ್ಲೇ ಹತ್ತಿರ ಇರಬೇಕಾಗುತ್ತೆ. ಹಿಂದಿನ ಆ ಕೋಣೆ ಕೊಡಿಸ್ತೀನಿ."

"ನನ್ನ ಹೆಸರಿಗೆ ಕೊಡಿಸ್ತೀರಾ ಮೇಡಂ?"

"ಇಬ್ಬರಿಗೂ ಅಂತ ಕೊಟ್ಟರಾಯ್ತಲ್ಲ."

"ಅವರಿಗೆ ಮನೆ ಇದೆ."

ನಿರ್ದೇಶಕಿ ಕನ್ನಡಕ ತೆಗೆದರು. "ಮನೇಲಿ ಜಗಳವಾ?"

"ಜಗಳ ಆಗಬೇಕಾದ್ರೆ ಮಾತಾಡಬೇಕಲ್ಲ ಮೇಡಂ."

ನಿರ್ದೇಶಕಿ ನಗಲಿಲ್ಲ. ಮೊದಲು ಅಧ್ಯಕ್ಷರಿಗೆ ಹಿಡಿಸಲಿ ಎಂದಷ್ಟೇ ಹೇಳಿದರು.

ಅದೇ ಹೊತ್ತಿಗೆ ಮನೆಯಲ್ಲಿ ಕಾಲುಜ್ಜುವ ಕಲ್ಲು ಕಳೆದುಹೋಯಿತು. ತೂತು ತೂತಾದ, ಕರಿಬೂದು ಬಣ್ಣದ, ಅಂಗೈಯಗಲದ ಕಲ್ಲು. ನೀರಲ್ಲಿ ನಿಂತು ನಿಂತು ಬಿರಿದ ಹಿಮ್ಮಡಿಯನ್ನು ಉಜ್ಜಿ ಉಜ್ಜಿ ಅವಳು ಅದರ ಒಂದು ಮಗ್ಗುಲಲ್ಲಿ ತಗ್ಗು ಮಾಡಿದ್ದಳು. ಅತ್ತೆಯೂ ಅದನ್ನೇ ಬಳಸುತ್ತಿದ್ದಳು, ಅಂದರೆ ಅತ್ತೆಯ ಕಾಲನ್ನೂ ಅವಳೇ ಉಜ್ಜುತ್ತಿದ್ದಳು.

"ಅದಕ್ಕೂ ಕಾಲು ಬಂತಾ?" ಎಂದು ಅತ್ತೆ ಹಿಡಿದ ರಾಗ ಬಿಡಲಿಲ್ಲ. "ಆಕಾಶದಲ್ಲಿರೋ ಕಲ್ಲೆಲ್ಲ ಎಣಿಸ್ತಾಳೆ ಮಹಾತಾಯಿ, ಬಚ್ಚಲಲ್ಲಿರೋ ಒಂದು ಕಲ್ಲು ಕಾಯೋಕೆ ಆಗಲ್ಲ."

ಗಂಡ ಅಲ್ಲೇ ಕೂತು ಊಟ ಮಾಡುತ್ತಿದ್ದ. ತಲೆ ಬಗ್ಗಿಸಿ ಮಜ್ಜಿಗೆ ಕಲಸಿಕೊಂಡ.

ತಾಲೀಮಿನ ಮೊದಲ ದಿನ ಆಕಾಶದಕ್ಕ ಮೈಕು ಹಿಡಿದು ನಿಂತಳು. ಗಂಡ ಹೊಸ ಯಂತ್ರವೊಂದನ್ನು ತಾನೇ ಕಟ್ಟಿದ್ದ. ಒಂದು ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಪೆಟ್ಟಿಗೆ, ಅದರೊಳಗೆ ಸಣ್ಣ ಮೋಟಾರಿನ ಕಡ್ಡಿಗೆ ಚುಚ್ಚಿದ ಕಲ್ಲು, ಕಲ್ಲಿಗೆ ಒಂದು ಪಕ್ಕದಿಂದ ಬೆಳಕು, ಮುಂದೆ ದಪ್ಪ ಮಸೂರ. ಪೆಟ್ಟಿಗೆ ಸರಿಸಿದರೆ ಕಲ್ಲಿನ ಬಿಂಬ ಗುಮ್ಮಟದ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ, ಅತ್ತಿಂದಿತ್ತ ತೇಲುತ್ತದೆ. "ನೋಡಿ, ಸೂರ್ಯನ ದಿಕ್ಕಿನಿಂದ ಒಂದು ಬಂಡೆ ಬರುತ್ತಿದೆ" ಎಂದಳು. ಕತ್ತಲೆಯಿಂದ ಬಂಡೆ ಎದ್ದುಬಂತು. ಬೆಟ್ಟದಷ್ಟು ದೊಡ್ಡದು, ಮೈತುಂಬ ಹಳ್ಳ ದಿಣ್ಣೆ, ನಿಧಾನವಾಗಿ ಮಗ್ಗುಲಾಗುತ್ತ. ನಿರ್ದೇಶಕಿ "ಅದ್ಭುತ!" ಎಂದು ಉದ್ಗರಿಸಿದರು. ಬಂಡೆ ಪೂರ್ತಿ ಮಗ್ಗುಲಾದಾಗ ಅದರ ಒಂದು ಬದಿಯಲ್ಲಿ ನುಣುಪಾದ ದೊಡ್ಡ ತಗ್ಗು ಕಾಣಿಸಿತು.

ಆಕಾಶದಕ್ಕನಿಗೆ ತನ್ನ ಹಿಮ್ಮಡಿಯ ಗುರುತು ಸಿಕ್ಕಿತು.

ಅವಳ ಕೈಯಲ್ಲಿದ್ದ ಬರಹದಲ್ಲಿ ಮುಂದಿನ ಸಾಲು ಹೀಗಿತ್ತು, ಅವಳು ಅದನ್ನು ಓದಿದಳು: "ಈ ಕುಳಿಯನ್ನು ಗಮನಿಸಿ. ಕೋಟ್ಯಂತರ ವರ್ಷಗಳ ಹಿಂದೆ ಬೇರೊಂದು ಬಂಡೆ ಅತಿ ವೇಗದಲ್ಲಿ ಅಪ್ಪಳಿಸಿ ಆದ ಗಾಯ ಇದು."

ಮನೆಗೆ ಹೋದ ಮೇಲೆ ಅತ್ತೆ ಮತ್ತೆ ಕಲ್ಲಿನ ಮಾತೆತ್ತಿದಳು. ಆಕಾಶದಕ್ಕ ಬಾಯಿ ಬಿಡಲಿಲ್ಲ. ಹೇಳಿದ್ದರೆ ಅತ್ತೆ ಅದನ್ನು ಆಚೆ ದಾಟಿಸುವಾಗ ಬೇರೆ ಏನಾದರೂ ಸೇರಿಸುತ್ತಿದ್ದಳು, ಅವನು ಆಚೆಯಿಂದ ಬೇರೆ ಏನೋ ಕಳಿಸುತ್ತಿದ್ದ, ಕೊನೆಗೆ ತಪ್ಪು ಅವಳ ತಲೆಗೇ ಬರುತ್ತಿತ್ತು. ಅವಳು ಒರಟು ಇಟ್ಟಿಗೆಯ ಚೂರೊಂದನ್ನು ತಂದು ಬಚ್ಚಲಲ್ಲಿಟ್ಟಳು.

ಕೋಣೆಯ ಸುದ್ದಿ ಗಂಡನ ಕಿವಿಗೆ ಬಿದ್ದದ್ದು ನಿರ್ದೇಶಕಿಯಿಂದಲೇ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು ಪಾಪ. ಮರುದಿನ ಬೆಳಿಗ್ಗೆ ಅವನು ತಟ್ಟೆ ಮುಂದಿಟ್ಟುಕೊಂಡು, "ಅಮ್ಮಾ, ನಿನ್ನ ಸೊಸೆ ಬೇರೆ ಮನೆ ಮಾಡ್ತಾಳಂತೆ. ಇನ್ನು ನಿನ್ನ ಬಟ್ಟೆ ನೀನೇ ಒಗೆದುಕೋ" ಎಂದ.

"ಅಡುಗೆ?"

"ಅದನ್ನೂ."

ಅತ್ತೆ ಕುರ್ಚಿಯಲ್ಲೇ ಅಡುಗೆಮನೆ ಕಡೆ ತಿರುಗಿದಳು. "ಹೌದೇನೇ?"

"ಹೌದು ಅಂತ ಹೇಳಿ," ಎಂದಳು ಸೊಸೆ, ಒಲೆಯ ಕಡೆಯಿಂದ ತಿರುಗದೆ.

"ಯಾರಿಗೆ ಹೇಳಲೇ? ಕೇಳ್ತಿರೋಳು ನಾನು!"

"ನಿಮಗೂ ಹೇಳ್ಕೊಳ್ಳಿ, ಅವರಿಗೂ ಹೇಳಿ."

ಅತ್ತೆ ಕೈ ಚೆಲ್ಲಿ ಗೋಳೋ ಎಂದಳು. ಮುಪ್ಪಿನಲ್ಲಿ ತನ್ನನ್ನು ಬೀದಿಗೆ ಹಾಕುತ್ತಿದ್ದಾರೆ ಎಂದಳು. ಬೀದಿಗೆ ಹೋಗುತ್ತಿದ್ದವಳು ಸೊಸೆ, ಅತ್ತೆಯಲ್ಲ. ಮನೆ, ಒಲೆ, ಕುರ್ಚಿ ಎಲ್ಲವೂ ಇದ್ದಲ್ಲೇ ಇರುತ್ತಿದ್ದವು. ಆದರೆ ಒಲೆ ಹಚ್ಚುವ ಕೈ ಹೋದರೆ ಅದನ್ನು ಮನೆ ಎಂದು ಕರೆಯಲು ಅಲ್ಲಿ ಉಳಿಯುವ ಇಬ್ಬರಿಗೂ ಧೈರ್ಯವಿರಲಿಲ್ಲ.

ಆ ದಿನದಿಂದ ಗುಮ್ಮಟದೊಳಗೆ ಆಕಾಶ ಕೆಡತೊಡಗಿತು. "ಸೂರ್ಯ ಮುಳುಗುತ್ತಾನೆ" ಎಂದರೆ ಸೂರ್ಯ ಮುಳುಗದೆ ಅಲ್ಲೇ ನಿಲ್ಲುತ್ತಿದ್ದ. ಚಂದ್ರ ಕರೆಯುವ ಮುಂಚೆಯೇ ಎದ್ದು ಬರುತ್ತಿದ್ದ. ತಾಲೀಮಿನಲ್ಲಿ ಬಂಡೆ ಹಾದುಹೋಗಬೇಕಾದಾಗ ಕುಂಟುತ್ತಿತ್ತು. ಮಕ್ಕಳು ಕಿಸಕ್ಕೆಂದರೆ ನಿರ್ದೇಶಕಿಯ ಮುಖ ಬಿಗಿಯುತ್ತಿತ್ತು. ಬೈಸಿಕೊಳ್ಳುತ್ತಿದ್ದವಳು ಅವಳು, ಮೈಕು ಅವಳ ಕೈಯಲ್ಲಿತ್ತಲ್ಲ. ಯಂತ್ರ ಸರಿಯಿಲ್ಲವೇ ಎಂದು ಅವನನ್ನು ಕೇಳಿದರೆ, "ಯಂತ್ರ ಸರಿಯಾಗೇ ಇದೆ ಮೇಡಂ, ಹೇಳೋರು ಸರಿಯಾಗಿ ಹೇಳಬೇಕು" ಎನ್ನುತ್ತಿದ್ದ. ಹೊರಗಿನವರ ಜೊತೆ ಅವನ ನಾಲಿಗೆ ಚೆನ್ನಾಗೇ ಹೊರಳುತ್ತಿತ್ತು.

ಆಕಾಶದಕ್ಕ ಅವನ ಹಿಂದೆ ಮುಂದೆ ಮಾತು ಹೊಲಿಯಲು ಕಲಿತಳು. ಸೂರ್ಯ ನಿಂತರೆ, "ಬೇಸಿಗೆಯಲ್ಲವೇ, ಹಗಲು ಸ್ವಲ್ಪ ಉದ್ದ" ಎನ್ನುತ್ತಿದ್ದಳು. ಚಂದ್ರ ಮುಂಚೆ ಬಂದರೆ, "ಕರೆಯುವ ಮುಂಚೆಯೇ ಬರುವ ನೆಂಟರು ಎಲ್ಲ ಕಡೆ ಇರ್ತಾರೆ" ಎನ್ನುತ್ತಿದ್ದಳು. ಇಷ್ಟಾದರೂ ಡಬ್ಬಿ ಕಟ್ಟುವುದನ್ನು ಬಿಡಲಿಲ್ಲ. ಯಾಕೆ ಎಂದು ಟಿಕೆಟ್‌ನವಳು ಕೇಳಿದರೆ, "ಡಬ್ಬಿ ನಿಲ್ಲಿಸಿದರೆ, ಅದಕ್ಕೇ ಯಂತ್ರ ಕೆಡ್ತು ಅಂತಾರೆ. ಕೋಣೆ ಸಿಗೋವರೆಗೆ ಯಾರ ಬಾಯಿಗೂ ಸಿಗಬಾರದು" ಎಂದಳು.

ಕ್ಷುದ್ರಗ್ರಹ ಬರುವ ವಾರ ಟಿವಿಗಳು ಬಾಯಿ ಬಡಿದುಕೊಳ್ಳತೊಡಗಿದವು. ಮೊದಮೊದಲು ಅದನ್ನು ಕಂಡಾಗ, ಭೂಮಿಗೆ ಬಡಿಯಲು ಸಣ್ಣದೊಂದು ಸಾಧ್ಯತೆ ಇದೆ ಎಂದು ವಿಜ್ಞಾನಿಗಳು ಹೇಳಿದ್ದರು. ಆಮೇಲೆ ಇನ್ನಷ್ಟು ದಿನ ನೋಡಿ, ಇಲ್ಲ, ಬಡಿಯುವುದಿಲ್ಲ ಎಂದೂ ಹೇಳಿದ್ದರು. ಟಿವಿಯವರು ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿದ್ದರು. ಪರದೆಯ ಮೇಲೆ ದಿನವಿಡೀ ಬೆಂಕಿಯ ಚೆಂಡು ಭೂಮಿಗೆ ಬೀಳುತ್ತಿತ್ತು. ಬೀಳುವುದು, ಸುಡುವುದು, ಮತ್ತೆ ಮೊದಲಿನಿಂದ ಬೀಳುವುದು. ಅತ್ತೆ ಅದರ ಮುಂದೆ ಕೂತು ಚಡಪಡಿಸುತ್ತಿದ್ದಳು.

"ಇವತ್ತು ಮಧ್ಯಾಹ್ನವಂತೆ ಕಣೇ!"

"ಏನೂ ಆಗಲ್ಲ ಅತ್ತೆ. ದಿನಾ ಅದನ್ನೇ ಹೇಳ್ತಿದೀನಲ್ಲ."

"ನಿನಗೇನಮ್ಮಾ, ಬೇರೆ ಮನೆ ಇದೆ. ನಾನೊಬ್ಬಳೇ ಇಲ್ಲಿ ಕೂತು ಸುಡಲಾ? ಸಾಯೋದೇ ಆದ್ರೆ ನಾಲ್ಕು ಜನರ ಮಧ್ಯೆ ಸಾಯ್ತೀನಿ."

ಹಾಗೆಂದು ಒಳ್ಳೆಯ ಸೀರೆ ಉಟ್ಟು, ಸೊಸೆಯ ತೋಳು ಹಿಡಿದು, ಬಸ್ಸು ಹತ್ತಿ ತಾರಾಲಯಕ್ಕೆ ಬಂದೇಬಿಟ್ಟಳು. ಬಸ್ಸಿನಲ್ಲಿ ಅತ್ತೆಯ ತೂಕವನ್ನೂ ಎರಡು ಡಬ್ಬಿಯನ್ನೂ ಹಿಡಿದು ಆಕಾಶದಕ್ಕ ನಿಂತೇ ಬಂದಳು.

ಅಂದು ಜನ ಕಿಕ್ಕಿರಿದಿದ್ದರು. ಹೆದರಿದವರು, ಹೆದರಿಲ್ಲವೆಂದು ತೋರಿಸಿಕೊಳ್ಳಲು ಬಂದವರು, ಮಕ್ಕಳನ್ನು ಎತ್ತಿಕೊಂಡವರು. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಸಮಿತಿಯವರು. ಅಧ್ಯಕ್ಷರದು ಹೊಟ್ಟೆಯ ಮೇಲೆ ಕೈಜೋಡಿಸಿ ನಿದ್ದೆಗೆ ತಯಾರಾದ ಮುಖ. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಅತ್ತೆ. ಆಕಾಶದಕ್ಕ ಗಂಡನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಮೈಕಿನ ಮುಂದೆ ನಿಂತಳು. ದೀಪ ಆರಿತು.

ಸೂರ್ಯ ಮುಳುಗಿದ. ಚಂದ್ರ ಹೇಳಿದ ಹೊತ್ತಿಗೆ ಬಂದ. ಎಲ್ಲವೂ ನೂಲು ಹಿಡಿದ ಹಾಗೆ ನಡೆಯಿತು. ಅಷ್ಟು ಸರಿಯಾಗಿ ನಡೆಯುತ್ತಿರುವುದನ್ನು ಕಂಡೇ ಅವಳಿಗೆ ಅನುಮಾನ ಬಂತು. ಅವನು ಯಾವುದಕ್ಕೋ ಕಾಯುತ್ತಿದ್ದ.

"ನೋಡಿ, ಸೂರ್ಯನ ದಿಕ್ಕಿನಿಂದ ಒಂದು ಬಂಡೆ ಬರುತ್ತಿದೆ. ಆ ಕಡೆಯಿಂದ ಬರುವುದನ್ನು ನಾವು ಎಷ್ಟೋ ಸಲ ನೋಡುವುದು ಅದು ದಾಟಿ ಹೋದ ಮೇಲೆ. ಕಣ್ಣಿಗೆ ಬಿಸಿಲು ಹೊಡೆಯುತ್ತದಲ್ಲ."

ಬಂಡೆ ಬಂತು. ಹಿಗ್ಗಿತು. ಮಗ್ಗುಲಾಯಿತು. ಜನರ ಉಸಿರು ಕೇಳಿಸುತ್ತಿತ್ತು.

"ಆದರೆ ಭಯ ಬೇಡ. ಅದು ನಮ್ಮನ್ನು ಮುಟ್ಟದೆ ಹಾದುಹೋಗುತ್ತದೆ."

ಇದು ಸನ್ನೆ. ಇಲ್ಲಿ ಬಂಡೆ ಮೂಡಣಕ್ಕೆ ಸರಿದು ಸಣ್ಣದಾಗಬೇಕು. ಸರಿಯಲಿಲ್ಲ. ಇನ್ನೂ ಹಿಗ್ಗಿತು. ಅರ್ಧ ಗುಮ್ಮಟ ಮುಚ್ಚಿತು, ನಕ್ಷತ್ರ ಮುಚ್ಚಿತು, ಚಂದ್ರನನ್ನು ಮುಚ್ಚಿತು. ಜನರ ನೆತ್ತಿಯ ಮೇಲೆ, ಕರಿಬೂದು ತೂತುಗಳ ಛಾವಣಿಯಂತೆ, ಅಲ್ಲೇ ನಿಂತುಬಿಟ್ಟಿತು. ಮಗುವೊಂದು ಕಿರುಚಿತು. ಅದರ ಹಿಂದೆ ಹತ್ತು ಮಕ್ಕಳು. ಯಾರೋ "ಬಾಗಿಲು! ಬಾಗಿಲು ತೆಗೀರಿ!" ಎಂದರು. ಕುರ್ಚಿಗಳು ಕರಕರ ಎಂದವು.

"ಅದು ನಮ್ಮನ್ನು ಮುಟ್ಟದೆ ಹಾದುಹೋಗುತ್ತದೆ," ಎಂದು ಅವಳು ಮತ್ತೆ ಹೇಳಿದಳು. ಕಟಕಟೆಯಲ್ಲಿ ಸದ್ದಿಲ್ಲ. ಮುಂದಿನ ಸಾಲಿನಿಂದ ನಿರ್ದೇಶಕಿ ಹಲ್ಲು ಕಡಿದು "ಏನು ಮಾಡ್ತಿದೀಯ!" ಎಂದದ್ದು ಅವಳಿಗೆ, ಅವನಿಗಲ್ಲ.

ಆಕಾಶದಕ್ಕ ತಲೆಯೆತ್ತಿ ನೋಡಿದಳು. ಬಂಡೆಯ ನಡುಮಧ್ಯದಲ್ಲಿ ಅವಳ ಹಿಮ್ಮಡಿಯ ತಗ್ಗು, ಒಂದು ಕೆರೆಯಷ್ಟು ಅಗಲ. ಕೋಣೆ ಹೋಯಿತು ಎಂದುಕೊಂಡಳು. ಹೋದ ಮೇಲೆ ಇನ್ನು ಯಾರ ಬಾಯಿಗೆ ಸಿಕ್ಕರೇನು.

"ಎಲ್ಲರೂ ಕೂತ್ಕೊಳ್ಳಿ," ಎಂದಳು, ಮೈಕಿನ ದನಿ ಬಿಟ್ಟು ಅಡುಗೆಮನೆಯ ದನಿಯಲ್ಲಿ. "ಹೆದರಬೇಡಿ. ಅದು ಆಕಾಶದ ಕಲ್ಲಲ್ಲ, ನಮ್ಮ ಮನೆ ಬಚ್ಚಲಿನದು. ನಾನು ಕಾಲುಜ್ಜೋ ಕಲ್ಲು."

ಕಿರುಚಾಟ ಅರ್ಧಕ್ಕೆ ನಿಂತಿತು.

"ಆ ಮಧ್ಯದಲ್ಲಿ ಕುಳಿ ಕಾಣ್ತಿದೆಯಲ್ಲ, ಅದು ಕೋಟಿ ವರ್ಷದ್ದಲ್ಲ. ನನ್ನ ಹಿಮ್ಮಡಿ ಸವೆಸಿದ್ದು. ಈಗ ಅದು ನಿಂತಿದೆ, ಯಾಕೆಂದರೆ ಅದನ್ನ ಸರಿಸಬೇಕಾದವರು ಸರಿಸ್ತಿಲ್ಲ. ಅಲ್ಲಿ ಕಟಕಟೆಯಲ್ಲಿ ಕೂತಿದಾರೆ, ನನ್ನ ಗಂಡ. ನಾನು ಮೈಕು ಹಿಡಿದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದಾರೆ. ಅದಕ್ಕೇ ನಾನು ಅವರಿಗೆ ಏನಾದ್ರೂ ಹೇಳಬೇಕಾದ್ರೆ ಹೀಗೆ ನಿಮಗೆಲ್ಲ ಹೇಳಬೇಕು."

ಎಲ್ಲೋ ಒಂದು ಹೆಂಗಸು ಗೊಳ್ಳೆಂದು ನಕ್ಕಳು. ಆ ನಗು ಮುಗಿಯುವ ಮುಂಚೆಯೇ ಹಿಂದಿನ ಸಾಲಿನಿಂದ ಇನ್ನೊಂದು ದನಿ ಎದ್ದಿತು, ಮೈಕಿಲ್ಲದೆಯೇ ಗುಮ್ಮಟ ತುಂಬುವಂಥದ್ದು.

"ಲೋ! ನೀನೇನೋ ಕದ್ದಿದ್ದು? ಆ ಕಲ್ಲಿಗೆ ನಾನು ಮನೆಯೆಲ್ಲ ಜಾಲಾಡಿದೀನಿ! ಇಟ್ಟಿಗೆಯಲ್ಲಿ ಉಜ್ಜಿ ಉಜ್ಜಿ ನನ್ನ ಕಾಲು ಸುಲಿದುಹೋಗಿದೆ! ತೆಗೆಯೋ ಅದನ್ನ ಮೇಲಿಂದ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನೊಳಗೆ ಪೆಟ್ಟಿಗೆ ಹಳಿಯ ಮೇಲೆ ದಡದಡ ಜಾರಿತು. ಬಂಡೆ ಎಡವುತ್ತ, ನಡುಗುತ್ತ, ಮೂಡಣದ ಮೂಲೆಗೆ ಓಡಿಹೋಗಿ ಆರಿತು. ನಕ್ಷತ್ರಗಳು ಮತ್ತೆ ಕಂಡವು. ಆಕಾಶದಕ್ಕ ಉಳಿದದ್ದನ್ನು ಹೇಳಿ ಮುಗಿಸಿದಳು: ನಿಜವಾದ ಬಂಡೆ ಇವತ್ತು ಈ ಹೊತ್ತಿಗೆ ಹಾದುಹೋಗುತ್ತಿದೆ, ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಅದನ್ನು ಹಿಡಿದು ನಿಲ್ಲಿಸುವ ಕೈಯಿಲ್ಲ, ಇಂಥವು ವರ್ಷಕ್ಕೆ ಎಷ್ಟೋ ಬಂದು ಹೋಗುತ್ತವೆ, ಬಹಳಷ್ಟನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ದೀಪ ಬಂದಾಗ ಅಧ್ಯಕ್ಷರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಏನಮ್ಮಾ ನಾಟಕ ನಿಮ್ಮದು! ಆ ಮುದುಕಿ ಯಾರು? ಎಲ್ಲಿ ಹಿಡಿದು ತಂದಿರಿ? ನಾನು ಈ ಗುಮ್ಮಟದಲ್ಲಿ ಇದುವರೆಗೆ ಎದ್ದು ಕೂತವನಲ್ಲ."

"ಇದು ತಾರಾಲಯ ಸರ್, ಸರ್ಕಸ್ ಅಲ್ಲ. ಇದು ನಡೆಯಬಾರದಿತ್ತು," ಎಂದರು ನಿರ್ದೇಶಕಿ, ಕಿವಿ ಕೆಂಪಗಾಗಿ.

"ದಿನಾ ನಡೀಲಿ. ಕಲ್ಲು ನಿಲ್ಲಲಿ, ಜನ ಕಿರುಚಲಿ, ಆಮೇಲೆ ಬಚ್ಚಲ ಮಾತು. ಜನ ನುಗ್ಗಿ ಬರ್ತಾರೆ. ಅದೇನೋ ಕೋಣೆ ಅಂದ್ರಲ್ಲ, ಜೋಡಿಗೆ ಕೊಟ್ಟುಬಿಡಿ."

"ಜೋಡಿಗೆ ಬೇಡ," ಎಂದಳು ಆಕಾಶದಕ್ಕ. "ಕೀಲಿಕೈ ನನ್ನೊಬ್ಬಳಿಗೆ ಕೊಟ್ಟರೆ ದಿನಾ ಹೇಳ್ತೀನಿ. ಇಲ್ಲದಿದ್ರೆ ಇವತ್ತಿಗೇ ಮುಗೀತು."

ಅಧ್ಯಕ್ಷರು ಇದೂ ನಾಟಕದ ಭಾಗವೆಂದು ತಿಳಿದು ಮತ್ತೆ ನಕ್ಕರು. "ಕೊಡಿ ಕೊಡಿ. ಜನ ನಗ್ತಾ ಇರೋವರೆಗೆ ಇಟ್ಟುಕೊಳ್ಳಲಿ."

ಹೀಗೆ ಅವಳ ಮನೆಯ ಮಾನವೇ ಅವಳ ಕೋಣೆಯ ಬಾಡಿಗೆಯಾಯಿತು. ಅವಳಿಗದು ಗೊತ್ತಿತ್ತು. ಆ ಮಾನವನ್ನು ಇಷ್ಟು ವರ್ಷ ಉಜ್ಜಿ ತೊಳೆದು ಇಟ್ಟವಳು ತಾನೇ; ಮಾರುವ ಹಕ್ಕೂ ತನ್ನದೇ ಎಂದುಕೊಂಡಳು.

ನಿರ್ದೇಶಕಿ ಒಲ್ಲದ ಮನಸ್ಸಿನಿಂದ ಬರಹದಲ್ಲಿ ಒಂದು ಸಾಲು ಸೇರಿಸಿದರು: ಇಲ್ಲಿ ಕಲ್ಲು ನಿಲ್ಲಬೇಕು. ಅದನ್ನು ಗಂಡನ ಕೈಗೂ ಕೊಟ್ಟರು. ಅವನು ಓದಿದ. ಅವಳನ್ನು ಕೆಡವಲು ಅವನು ಕಂಡುಕೊಂಡಿದ್ದ ಒಂದೇ ಏಟು ಈಗ ಅವನ ಕರ್ತವ್ಯವಾಗಿತ್ತು, ಅದೂ ಅವಳ ಮಾತಿನ ಸನ್ನೆಗೆ.

ಮನೆಯಲ್ಲಿ ಅವಳು ಗಂಟು ಕಟ್ಟಿದಳು. ಸೀರೆಗಳು, ಒಂದು ಬೋಗುಣಿ, ಒಂದು ತಟ್ಟೆ, ತನ್ನ ಡಬ್ಬಿ. ಅವನ ಡಬ್ಬಿಯನ್ನು ತೊಳೆದು ಕಪಾಟಿನಲ್ಲಿ ಬೋರಲು ಹಾಕಿದಳು. ಅತ್ತೆ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತಿದ್ದಳು.

"ಕಟುಕಿ. ನನ್ನ ಕಾಲು ಯಾರು ಉಜ್ಜುತಾರೆ?"

"ಕಲ್ಲು ನಿಮ್ಮ ಮಗನ ಹತ್ತಿರ ಇದೆ."

"ಹೋಗೋ ಮುಂಚೆ ಅಕ್ಕಿ ಎಲ್ಲಿದೆ ಅಂತ ಅವನಿಗೆ ಹೇಳು."

"ನೀವೇ ಹೇಳಿ."

ಅತ್ತೆ ಅಡುಗೆಮನೆಯ ಕಡೆ ಕತ್ತು ಚಾಚಿ ನೋಡಿದಳು. ಆಮೇಲೆ, "ನನಗೂ ಗೊತ್ತಿಲ್ವಲ್ಲೇ" ಎಂದಳು.

ಆಕಾಶದಕ್ಕ ಅಕ್ಕಿಯ ಡಬ್ಬ ತೋರಿಸಿದಳು. ಕುರ್ಚಿಯನ್ನು ಅತ್ತೆ ಸಮೇತ ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟಳು.

ಮುಂದಿನ ಪ್ರದರ್ಶನಕ್ಕೆ ಜಾಗ ಸಾಲದೆ ಜನ ಗೋಡೆಗೆ ಆತು ನಿಂತಿದ್ದರು. ಬಚ್ಚಲ ಕಲ್ಲಿನ ಸುದ್ದಿ ಊರೆಲ್ಲ ಹಬ್ಬಿತ್ತು. ಅಧ್ಯಕ್ಷರು ತಮ್ಮ ಮನೆಮಂದಿಯನ್ನೆಲ್ಲ ಕರೆತಂದಿದ್ದರು. ಕಟಕಟೆಯ ಮೆಟ್ಟಿಲ ಮೇಲೆ ಅಂದು ಡಬ್ಬಿ ಇರಲಿಲ್ಲ. ಗಂಡ ಆ ಖಾಲಿ ಮೆಟ್ಟಿಲನ್ನು ಒಮ್ಮೆ ನೋಡಿ ಒಳಗೆ ಹೋದ.

"ನೋಡಿ, ಸೂರ್ಯನ ದಿಕ್ಕಿನಿಂದ ಒಂದು ಬಂಡೆ ಬರುತ್ತಿದೆ."

ಬಂಡೆ ಬಂತು. ಹಿಗ್ಗಿತು. ಜನ ಕಿರುಚಲು ಬಾಯಿ ತೆರೆದುಕೊಂಡು ಕಾದರು.

"ಅದು ನಮ್ಮನ್ನು ಮುಟ್ಟದೆ ಹಾದುಹೋಗುತ್ತದೆ."

ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಂಡೆ ಬೆಣ್ಣೆಯಲ್ಲಿ ಜಾರಿದ ಹಾಗೆ, ಒಂದು ಚೂರೂ ಕುಂಟದೆ, ಗುಮ್ಮಟದ ನೆತ್ತಿ ದಾಟಿ, ಕುಗ್ಗುತ್ತ ಕುಗ್ಗುತ್ತ ಮೂಡಣದಲ್ಲಿ ಚುಕ್ಕೆಯಾಗಿ ಮರೆಯಾಯಿತು. ಅಷ್ಟು ಚೆಂದವಾಗಿ ಅವನು ಅದನ್ನು ಎಂದೂ ನಡೆಸಿರಲಿಲ್ಲ. ಕತ್ತಲಲ್ಲಿ ಗೊಣಗಾಟ ಎದ್ದಿತು. "ಇಷ್ಟೇನಾ?" ಎಂದರು ಯಾರೋ. ಅಧ್ಯಕ್ಷರ ಕುರ್ಚಿ ಕಿರ್ರೆಂದಿತು. ಆಕಾಶದಕ್ಕನ ಸೊಂಟದಲ್ಲಿ ಸಿಕ್ಕಿಸಿದ್ದ ಕೀಲಿಕೈ ತಣ್ಣಗೆ ಚರ್ಮಕ್ಕೆ ತಾಗಿತು. ಜನ ನಗ್ತಾ ಇರೋವರೆಗೆ ಇಟ್ಟುಕೊಳ್ಳಲಿ ಎಂದದ್ದು ಅವನಿಗೂ ಕೇಳಿಸಿತ್ತು.

ಅವಳು ಮೈಕನ್ನು ಬಾಯಿಗೆ ಹತ್ತಿರ ತಂದಳು.

"ನೋಡಿದಿರಾ? ಇಲ್ಲಿ ಕಲ್ಲು ನಿಲ್ಲಬೇಕು ಅಂತ ನನ್ನ ಗಂಡನಿಗೆ ಕಾಗದದಲ್ಲಿ ಬರೆದುಕೊಟ್ಟಿದಾರೆ. ಮೊನ್ನೆ ಹೋಗಲಿ ಅಂದಾಗ 'ನಿಲ್ಲಿಸ್ತೀನಿ' ಅಂದ್ರು. ಇವತ್ತು ನಿಲ್ಲಲಿ ಅಂದ್ರೆ 'ಕಳಿಸ್ತೀನಿ' ಅಂತಾರೆ. ಅದು ನಮ್ಮ ಬಚ್ಚಲ ಕಲ್ಲು ಅಂತ ನಿಮಗೆಲ್ಲ ಗೊತ್ತೇ ಇದೆ. ಮನೇಲಿ ಒಂದು ಲೋಟ ಎತ್ತಿಡದವರು ಆಕಾಶದಲ್ಲಿ ಎಷ್ಟು ಕೆಲಸ ಮಾಡ್ತಾರೆ ನೋಡಿ, ಬರೀ ನಾನು ಹೇಳಿದ್ದನ್ನ ಮಾಡಬಾರದು ಅನ್ನೋದಕ್ಕೋಸ್ಕರ."

ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಅಧ್ಯಕ್ಷರ ನಗು ಎಲ್ಲಕ್ಕಿಂತ ಜೋರು. ಕಟಕಟೆಯೊಳಗೆ ಏನೋ ಧೊಪ್ಪೆಂದು ಬಿತ್ತು. "ಅದು ಯಂತ್ರವಲ್ಲ, ಸಿಟ್ಟು," ಎಂದಳು ಅವಳು. ಜನ ಮತ್ತೆ ನಕ್ಕರು. ಅವನು ನಿಲ್ಲಿಸಿದರೂ ಸರಿ, ಕಳಿಸಿದರೂ ಸರಿ, ಮೈಕು ಅವಳ ಕೈಯಲ್ಲಿತ್ತು.

ಆಟ ಮುಗಿದ ಮೇಲೆ ಅವಳು ಗುಮ್ಮಟದ ಹಿಂದೆ ಹೋಗಿ ಬೀಗ ತೆಗೆದಳು. ಒಬ್ಬಳ ಅನ್ನಕ್ಕೆ ನೀರಿಟ್ಟು, ಅಭ್ಯಾಸಬಲದಿಂದ ಜಾಸ್ತಿಯಾಯಿತೆಂದು ಅರ್ಧ ಚೆಲ್ಲಿದಳು. ಬಾಗಿಲಲ್ಲಿ ನೆರಳು ಬಿತ್ತು. ಗಂಡ ನಿಂತಿದ್ದ. ಹಸಿದ ಮುಖ, ಕೈಯಲ್ಲಿ ಬಚ್ಚಲ ಕಲ್ಲು. ಅದನ್ನು ಹೊಸಿಲ ಮೇಲೆ ಇಟ್ಟ.

"ನನ್ನ ಊಟ ಎಲ್ಲಿ?"

ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಆಕಾಶದಕ್ಕ ಅವನ ಹಿಂದೆ, ಎಡಕ್ಕೆ, ಬಲಕ್ಕೆ, ಯಾರನ್ನೋ ಹುಡುಕುವವಳಂತೆ ನೋಡಿದಳು. ಯಾರೂ ಇರಲಿಲ್ಲ. ಬಗ್ಗಿ ಕಲ್ಲನ್ನು ತೆಗೆದುಕೊಂಡಳು.

"ನಿಮ್ಮ ಅಮ್ಮನಿಗೆ ಹೇಳಿ," ಎಂದಳು. "ಅವರು ಬಂದು ನನಗೆ ಹೇಳ್ತಾರೆ."

ಬಾಗಿಲು ಹಾಕಿ, ಒಳಗಿನಿಂದ ಅಗಳಿ ಸರಿಸಿದಳು.